ಒಂದೇ ಗಂಟಲಿನ ಆಲ್ಬಂ: ಕೋಣೆಯಿಂದ ಮಾಸ್ಟರ್‌ವರೆಗೆ

ಗ್ರೂಪಿನಲ್ಲಿರುವ ರ‍್ಯಾಪರ್‌ಗೆ ಒಂದು ದೊಡ್ಡ ಅನುಕೂಲ ಇದೆ. ಅವನ ಹದಿನಾರು ಬಾರ್ (ಒಂದು ಬಾರ್ ಅಂದರೆ ನಾಲ್ಕು ಪೆಟ್ಟು) ಮುಗಿಯಿತು ಅಂದರೆ ಪಕ್ಕದವನು ಮೈಕ್ ಹಿಡಿಯುತ್ತಾನೆ. ಒಬ್ಬನ ದನಿ ಗಡಸು, ಇನ್ನೊಬ್ಬನದು ತೆಳು, ಮತ್ತೊಬ್ಬ ಅರ್ಧ ಹಾಡುತ್ತಾ ಎಳೆಯುತ್ತಾನೆ. ಕೇಳುವವರಿಗೆ ಬೇಜಾರು ಬರುವಷ್ಟರಲ್ಲಿ ದನಿ ಬದಲಾಗಿರುತ್ತದೆ. ಸೋಲೋ ಆಲ್ಬಂನಲ್ಲಿ ಈ ಆಸರೆ ಇಲ್ಲ. 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಪೆಟ್ಟಿನ ಬೀಟ್ ತಗೊಳ್ಳಿ. ಒಂದು ಬಾರ್‌ಗೆ 2.67 ಸೆಕೆಂಡ್, 16 ಬಾರ್‌ನ ವರ್ಸ್‌ಗೆ ಸುಮಾರು 43 ಸೆಕೆಂಡ್. ಅಂಥ ಮೂರು ವರ್ಸ್, ನಡುನಡುವೆ 8 ಬಾರ್‌ನ ಹುಕ್, ಅಂದರೆ ಪಲ್ಲವಿ. ಹೀಗೆ ಹನ್ನೊಂದು ಹಾಡು. ಎಲ್ಲದರಲ್ಲೂ ಅದೇ ಗಂಟಲು.

ಗೆಳೆಯನೊಬ್ಬ ಗ್ರೂಪಿನಿಂದ ಹೊರಗೆ ಬಂದು ಮೊದಲ ಸೋಲೋ ಆಲ್ಬಂ ಮಾಡಲು ಹೊರಟ. ರೆಕಾರ್ಡಿಂಗ್, ಎಡಿಟಿಂಗ್, ಮಿಕ್ಸಿಂಗ್ ನನ್ನ ಪಾಲಿಗೆ ಬಂತು, ಜೊತೆಗೆ ಸ್ವಲ್ಪ ಬಡಗಿ ಕೆಲಸವೂ ಬಂತು. ಏನು ಕಟ್ಟಿದೆವು, ಏನು ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಇಲ್ಲಿ ಬರೆದಿದ್ದೇನೆ.

ಈ ಸಮಸ್ಯೆ ಹೊಸದೇನಲ್ಲ. ರ‍್ಯಾಪರ್ ಐಸ್ ಕ್ಯೂಬ್ ಎನ್‌ಡಬ್ಲ್ಯುಎ ಗ್ರೂಪ್ ಬಿಟ್ಟ ಮೇಲೆ, 1990ರಲ್ಲಿ ಬಂದ ತನ್ನ ಮೊದಲ ಸೋಲೋ ಆಲ್ಬಂಗಾಗಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಹೋಗಿ ಪಬ್ಲಿಕ್ ಎನಿಮಿ ಗ್ರೂಪಿಗೆ ಬೀಟ್ ಮಾಡುತ್ತಿದ್ದ ಬಾಂಬ್ ಸ್ಕ್ವಾಡ್ ತಂಡದ ಜೊತೆ ಕೂತ. ಅವರ ಕೆಲಸದ ರೀತಿಯೇ ಸದ್ದಿನ ಮೇಲೆ ಸದ್ದು ಪೇರಿಸುವುದು. ದನಿ ಒಂದೇ ಇದ್ದರೂ ಹಿಂದಿನ ಗೋಡೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದು ಒಂದು ದಾರಿ. ನಮ್ಮ ಹತ್ತಿರ ಅಷ್ಟು ಸಾಮಗ್ರಿಯೂ ಇರಲಿಲ್ಲ, ಅಷ್ಟು ಕೈಗಳೂ ಇರಲಿಲ್ಲ. ಹಾಗಾಗಿ ಬೀಟ್ ಸರಳವಾಗಿರಲಿ, ಬದಲಾವಣೆ ಗಂಟಲಿನಿಂದಲೇ ಬರಲಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು. ಕೋಣೆ, ಮೈಕ್, ಮಿಕ್ಸ್ ಎಲ್ಲವೂ ಆ ತೀರ್ಮಾನದ ಹಿಂದೆಯೇ ಬಂದವು.

ಕೋಣೆ

ಮೊದಲು ಯೋಚಿಸಿದ್ದು ಬಟ್ಟೆ ಬೀರುವಿನ ಒಳಗೆ ನಿಲ್ಲಿಸಿ ರೆಕಾರ್ಡ್ ಮಾಡುವುದನ್ನು. ಎಲ್ಲರೂ ಕೊಡುವ ಸಲಹೆ ಅದೇ ಅಲ್ವಾ. ಲೆಕ್ಕ ಹಾಕಿ ನೋಡಿದರೆ ಅದು ಆಗದ ಮಾತು. ಒಂದು ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಶಬ್ದ ಹೋಗಿ ಬಂದು ಮೊದಲು ಮೊಳಗುವುದು 171 ಹರ್ಟ್ಸ್ ಆಸುಪಾಸಿನಲ್ಲಿ. ಗಂಡಸಿನ ದನಿಯ ಬುಡ ಇರುವುದೂ ಹೆಚ್ಚುಕಡಿಮೆ ಅಲ್ಲೇ. ಗಂಟಲು ಆ ಸ್ವರಕ್ಕೆ ಬಂದಾಗಲೆಲ್ಲ ಪೆಟ್ಟಿಗೆ ಗುಂಯ್ ಎನ್ನುತ್ತದೆ. ಆಮೇಲೆ ಈಕ್ಯೂನಲ್ಲಿ (ಸದ್ದಿನ ಒಂದೊಂದು ಭಾಗವನ್ನು ಏರಿಳಿಸುವ ಟೂಲ್) ಎಷ್ಟು ಕೆತ್ತಿದರೂ ಅದು ಪೂರ್ತಿ ಹೋಗುವುದಿಲ್ಲ. ಬೀರು ಬೇಡ, ಮಲಗುವ ಕೋಣೆಯೇ ಸಾಕು ಅಂದುಕೊಂಡೆವು.

ಗೋಡೆಗೆ ಅಂಟಿಸುವ ತೆಳು ಫೋಮ್ ಬಗ್ಗೆಯೂ ಎರಡು ಮಾತು. 25 ಮಿಲಿಮೀಟರ್ ಫೋಮ್ ಸರಿಯಾಗಿ ಹೀರುವುದು ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನದನ್ನು. ಅಲೆಯ ಉದ್ದದ ಕಾಲು ಭಾಗದಷ್ಟು ದಪ್ಪ ಬೇಕು ಅನ್ನುವ ಲೆಕ್ಕ ಇದು. ಕೋಣೆ ತುಂಬ ಫೋಮ್ ಅಂಟಿಸಿದರೆ ದನಿಯ ಹೊಳಪು ಹೋಗುತ್ತದೆ, 200ರಿಂದ 500 ಹರ್ಟ್ಸ್‌ನ ಡಬ್ಬಿ ಸದ್ದು ಹಾಗೇ ಉಳಿಯುತ್ತದೆ. ನೋಡೋಕೆ ಸ್ಟುಡಿಯೋ, ಕೇಳೋಕೆ ಡಬ್ಬಿ.

ಬದಲಿಗೆ ರಾಕ್‌ವುಲ್ (ಕಲ್ಲಿನ ನಾರು) ಪ್ಯಾನಲ್ ಮಾಡಿದೆವು. ಮರದ ಚೌಕಟ್ಟು, ಒಳಗೆ 100 ಮಿಲಿಮೀಟರ್ ರಾಕ್‌ವುಲ್ ಹಲಗೆ, ಮೇಲೆ ಬಟ್ಟೆ. ಬಟ್ಟೆ ಆರಿಸುವುದಕ್ಕೆ ಸುಲಭದ ಪರೀಕ್ಷೆ ಇದೆ: ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಆಚೆ ಬಂದರೆ ಶಬ್ದವೂ ಒಳಗೆ ಹೋಗುತ್ತದೆ. ರೆಕ್ಸಿನ್ ಥರದ್ದು ಬೇಡ. ರಾಕ್‌ವುಲ್ ಕತ್ತರಿಸುವಾಗ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಆ ಎಳೆ ಚರ್ಮಕ್ಕೆ ತಾಗಿದರೆ ದಿನವಿಡೀ ತುರಿಕೆ. ಹಲಗೆ ಕತ್ತರಿಸಲು ಹಲ್ಲಿರುವ ಉದ್ದನೆಯ ಚಾಕು ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತದೆ ಗರಗಸದ ಹಾಗೆ ಎಳೆಯಬೇಕು, ಒತ್ತಿದರೆ ಅಂಚು ಕುಸಿಯುತ್ತದೆ.

ಗೋಡೆಗೆ ತಾಗಿಸಿ ನಿಲ್ಲಿಸುವ ಬದಲು 100 ಮಿಲಿಮೀಟರ್ ಜಾಗ ಬಿಟ್ಟು ನಿಲ್ಲಿಸಿದೆವು. ಆ ಖಾಲಿ ಜಾಗ ಪುಕ್ಕಟೆಯಾಗಿ ಸಿಗುವ ದಪ್ಪ. ಪ್ಯಾನಲ್ ಇನ್ನಷ್ಟು ಕೆಳಗಿನ ಸದ್ದನ್ನೂ ಹಿಡಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಇನ್ನೂ ಮುಖ್ಯ. ಕಾರ್ಡಿಯಾಯ್ಡ್ ಮೈಕ್ ಹಿಂದಿನದನ್ನು ಕೇಳಿಸಿಕೊಳ್ಳುವುದು ತೀರಾ ಕಡಿಮೆ. ಅದು ರ‍್ಯಾಪರ್‌ನ ಕಡೆ ನೋಡುತ್ತದೆ, ಅಂದರೆ ಅವನ ಬೆನ್ನ ಹಿಂದಿನ ಗೋಡೆಯನ್ನೂ ನೋಡುತ್ತದೆ. ಹಾಗಾಗಿ ದೊಡ್ಡ ಪ್ಯಾನಲ್‌ಗಳು ಅವನ ಬೆನ್ನ ಹಿಂದೆ ಬಂದವು, ಒಂದು ತಲೆಯ ಮೇಲೆ ತೂಗಿತು. ಮೈಕ್ ಹಿಂದೆ ಬಾಗಿಸಿ ಹಾಕುವ ಆ ಅರ್ಧಚಂದ್ರದ ಶೀಲ್ಡ್ ನನ್ನ ಪ್ರಕಾರ ಹೆಚ್ಚಾಗಿ ಫೋಟೋಗೆ ಚೆಂದ. ಮೈಕ್‌ನ ಆ ಕಿವುಡು ಬೆನ್ನನ್ನು ನಾವು ಲ್ಯಾಪ್‌ಟಾಪ್ ಫ್ಯಾನ್ ಕಡೆಗೆ ತಿರುಗಿಸಿದೆವು. ಫ್ಯಾನ್ ಸದ್ದು ಬಹುಪಾಲು ಅಲ್ಲೇ ಮುಗಿಯಿತು.

ಮೈಕ್, ಮತ್ತೆ ಆ ಹಮ್

ಎರಡು ಮೈಕ್ ಕೈಯಲ್ಲಿತ್ತು. ಒಂದು ಎರವಲು ತಂದ ಕಂಡೆನ್ಸರ್, ಇನ್ನೊಂದು ಶೂರ್ ಎಸ್‌ಎಂ7ಬಿ ಡೈನಮಿಕ್. ಕಂಡೆನ್ಸರ್‌ನಲ್ಲಿ ಬಾಯೊಳಗಿನ ತೇವದ ಸದ್ದೂ ಕೇಳುತ್ತದೆ, ಬೀದಿಯ ಬೈಕೂ ಕೇಳುತ್ತದೆ. ಎಸ್‌ಎಂ7ಬಿಗೆ ಅಂಥ ಕುತೂಹಲ ಇಲ್ಲ. ಆದರೆ ಅದರ ಔಟ್‌ಪುಟ್ ತುಂಬಾ ಸಣ್ಣದು, ಮಾಮೂಲಿ ಮಾತಿಗೆ ಸುಮಾರು 60 ಡೆಸಿಬೆಲ್ ಗೇನ್ (ಸದ್ದನ್ನು ಹಿಗ್ಗಿಸುವುದು) ಕೇಳುತ್ತದೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ನಮ್ಮ ಇಂಟರ್‌ಫೇಸ್ ಅಷ್ಟು ಎಳೆದರೆ ‘ಶ್’ ಎನ್ನುತ್ತಿತ್ತು. ಇದಕ್ಕೇ ಅಂತ ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಹಾಕುವ ಬೂಸ್ಟರ್ ಸಿಗುತ್ತದೆ. 48 ವೋಲ್ಟ್ ಫ್ಯಾಂಟಮ್ ಪವರ್ ತಿಂದು 25 ಡೆಸಿಬೆಲ್‌ನಷ್ಟು ಶುದ್ಧ ಗೇನ್ ಕೊಡುತ್ತದೆ. ಕಡೆಗೆ ನೋಡಿದರೆ ಮಾಮೂಲಿ ದನಿಯ ಹಾಡುಗಳಿಗೆ ಮಾತ್ರ ಅದು ಬೇಕಾಯಿತು. ಇವನು ಕೂಗುವ ಹಾಡಿಗೆ ಪ್ರಿಆಂಪ್ ಅರ್ಧ ತಿರುಗಿಸಿದರೂ ಸಾಕಿತ್ತು.

ಹಾಡಿಗೆ ತಕ್ಕಂತೆ ಎರಡೂ ಮೈಕ್ ಬಳಸಿದೆವು. ಪಿಸುಗುಟ್ಟುವ ಹಾಡುಗಳಿಗೆ ಕಂಡೆನ್ಸರ್, ಉಳಿದವಕ್ಕೆ ಡೈನಮಿಕ್. ಒಂದೇ ಗಂಟಲು ಎರಡು ಬಣ್ಣದಲ್ಲಿ ಸಿಕ್ಕಿದ್ದು ಇಲ್ಲಿಂದಲೇ.

ಇನ್ನು ಹಮ್. ಹೆಡ್‌ಫೋನ್‌ನಲ್ಲಿ ಸಣ್ಣಗೆ ‘ಊಂ’ ಅಂತ ನಿಲ್ಲದ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಅರ್ಧ ಕಡಿಮೆಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಅಂದರೆ ಎರಡು ಕಾಯಿಲೆ. ಮೊದಲನೆಯದು ಗ್ರೌಂಡ್ ಲೂಪ್, ಅಂದರೆ ಅರ್ತ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು: ಲ್ಯಾಪ್‌ಟಾಪ್ ಒಂದು ಸಾಕೆಟ್, ಸ್ಪೀಕರ್‌ಗಳು ಇನ್ನೊಂದು ಸಾಕೆಟ್. ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ತಂದು, ಸ್ಪೀಕರ್‌ಗೆ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಹಾಕಿದ ಮೇಲೆ ಅದು ನಿಂತಿತು. ಇಂಥ ಹಮ್‌ಗೆ ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕಿ ಅಂತ ಹೇಳುವವರು ಸಿಗುತ್ತಾರೆ. ಹಾಗೆ ಮಾಡಲೇಬೇಡಿ. ಬಾಯಿ ಹತ್ತಿರ ಲೋಹದ ಮೈಕ್ ಹಿಡಿದು ನಿಲ್ಲುವವನು ಮನುಷ್ಯ.

ಎರಡನೆಯದು ಮೈಕ್ ಕೇಬಲ್‌ನಲ್ಲಿತ್ತು. ಕನೆಕ್ಟರ್ ಹತ್ತಿರ ಕೇಬಲ್ ಅಲ್ಲಾಡಿಸಿದರೆ ಹಮ್ ಹೆಚ್ಚುಕಡಿಮೆಯಾಗುತ್ತಿತ್ತು. ಎಕ್ಸ್‌ಎಲ್‌ಆರ್ ಕನೆಕ್ಟರ್ ಬಿಚ್ಚಿ ನೋಡಿದರೆ ಪಿನ್ 1ರ ಬೆಸುಗೆ ಬಿಟ್ಟಿದೆ. ಜಾಲರಿ ತಂತಿಯ ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಲೋಹಕ್ಕೆ ತಾಗಿಕೊಂಡಿವೆ. ಪಿನ್ 1 ಶೀಲ್ಡ್ (ಹೊರಗಿನ ಸದ್ದು ತಡೆಯುವ ಜಾಲರಿ), 2 ಹಾಟ್, 3 ಕೋಲ್ಡ್; ದನಿ ಹರಿಯುವುದು ಈ ಎರಡರಲ್ಲಿ. 2 ಮತ್ತು 3 ಗಟ್ಟಿಯಾಗೇ ಇದ್ದದ್ದರಿಂದ ದನಿ ಬರುತ್ತಿತ್ತು, ಶೀಲ್ಡ್ ಕೈಕೊಟ್ಟಿದ್ದರಿಂದ ಹಮ್ ಕೂಡ ಜೊತೆಗೇ ಬರುತ್ತಿತ್ತು. ಹಳೆಯ ಬೆಸುಗೆ ತೆಗೆದು, ಜಾಲರಿ ಎಳೆಗಳನ್ನು ಬಿಗಿಯಾಗಿ ಹೊಸೆದು, ಮೊದಲು ತಂತಿಗೇ ತೆಳುವಾಗಿ ಸೀಸ ಹಿಡಿಸಿದೆ. ಆಮೇಲೆ ಪಿನ್ ಕಾಯಿಸಿ ಕೂರಿಸಿದೆ. ಬೆಸುಗೆ ಹೊಳೆಯುತ್ತಾ ನುಣುಪಾಗಿ ಕೂತರೆ ಸರಿ, ಮಂಕಾಗಿ ಉಂಡೆ ಕಟ್ಟಿದರೆ ಮತ್ತೆ ಕಾಯಿಸಬೇಕು. ಬಿಚ್ಚುವ ಮೊದಲು ಕನೆಕ್ಟರ್‌ನ ಹೊರಕವಚ ಕೇಬಲ್ ಮೇಲೆ ಯಾವ ದಿಕ್ಕಿಗಿದೆ ಅಂತ ನೋಡಿಟ್ಟುಕೊಳ್ಳಿ. ಬೆಸುಗೆ ಹಾಕಿದ ಮೇಲೆ ಅದನ್ನು ಏರಿಸಲು ಬರುವುದಿಲ್ಲ.

ಮೈಕ್ ಇಟ್ಟ ಜಾಗ: ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಿಡದೆ ಬಾಯಿಯ ಮೂಲೆಯ ಕಡೆಗೆ ಸ್ವಲ್ಪ ಓರೆ. ಅಂಗೈಯನ್ನು ಬಾಯೆದುರು ಹಿಡಿದು ‘ಭಲೇ’ ಅನ್ನಿ, ಆಮೇಲೆ ‘ಫಟ್’ ಅನ್ನಿ. ಗಾಳಿ ಹೊಡೆಯುತ್ತದಲ್ಲ, ಅದು ಮೈಕ್‌ಗೆ ನೇರ ಬಡಿದರೆ ‘ಧಡ್’ ಅಂತ ಕೇಳುತ್ತದೆ. ಪಾಪ್ ಫಿಲ್ಟರ್ ಅರ್ಧ ತಡೆಯುತ್ತದೆ, ಓರೆ ಇಟ್ಟದ್ದು ಉಳಿದರ್ಧ ತಡೆಯುತ್ತದೆ. ನೆಲಕ್ಕೆ ಟೇಪ್ ಅಂಟಿಸಿ ಕಾಲಿಡುವ ಜಾಗ ಗುರುತು ಮಾಡಿದೆವು. ರ‍್ಯಾಪರ್‌ಗಳು ಕೈ ಬೀಸುತ್ತಾ ಮುಂದೆ ಬರುತ್ತಾರೆ. ಮೈಕ್ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತದೆ, ಮೊದಲ ಬಾರ್‌ಗೂ ಹದಿನಾರನೇ ಬಾರ್‌ಗೂ ಬೇರೆ ದನಿಯಾಗುತ್ತದೆ.

ಬೀಟ್

ಹಳೇ ರೆಕಾರ್ಡ್‌ನಿಂದ ತುಣುಕು ಎತ್ತುವುದು ಬೇಡ ಅಂತ ಶುರುವಿನಲ್ಲೇ ನಿರ್ಧಾರ. ಸ್ಯಾಂಪಲ್ ಬಳಸಬೇಕಾದರೆ ಎರಡು ಅನುಮತಿ ಬೇಕು: ರಾಗ ಕಟ್ಟಿದವರ ಹಕ್ಕು ಬೇರೆ, ಆ ರೆಕಾರ್ಡಿಂಗ್‌ನ ಹಕ್ಕು ಬೇರೆ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ರ‍್ಯಾಪರ್ ಬಿಝ್ ಮಾರ್ಕಿಯ ಸ್ಯಾಂಪಲ್ ಕೇಸಿನಲ್ಲಿ ತೀರ್ಪು ಕೊಟ್ಟ ಮೇಲೆ ಅನುಮತಿ ಇಲ್ಲದ ಸ್ಯಾಂಪಲ್ ಇಟ್ಟುಕೊಂಡು ಆಲ್ಬಂ ಹೊರಡಿಸಲು ದೊಡ್ಡ ಲೇಬಲ್‌ಗಳೂ ಹೆದರತೊಡಗಿದವು. ನಾವೆಷ್ಟರವರು?

ಆದರೆ ಆ ಹಳೇ ಧೂಳಿನ ಸದ್ದು ಬೇಕಿತ್ತು. ಅದನ್ನು ನಾವೇ ನುಡಿಸಿ ತಯಾರಿಸಿದೆವು. ಇದಕ್ಕೆ ಒಂದು ಹಿನ್ನೆಲೆ ಇದೆ. 1987ರಲ್ಲಿ ಬಂದ ಇ-ಮ್ಯು ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಸ್ಯಾಂಪಲ್ ಮಾಡಲು ಸಿಗುತ್ತಿದ್ದದ್ದು ಬರೀ 10 ಸೆಕೆಂಡ್. ಒಂದೊಂದು ತುಣುಕು ಎರಡೂವರೆ ಸೆಕೆಂಡ್ ಮೀರುವಂತಿಲ್ಲ. ಹಾಗಾಗಿ ಬೀಟ್ ಮಾಡುವವರು 33 ಆರ್‌ಪಿಎಂ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಒಳಗೆ ತುಂಬಿಕೊಳ್ಳುತ್ತಿದ್ದರು. ಆಮೇಲೆ ಯಂತ್ರದೊಳಗೆ ವೇಗ ಇಳಿಸುತ್ತಿದ್ದರು. ಜಾಗ ಉಳಿಸಲು ಮಾಡಿದ ಉಪಾಯ ಅದು. ಆದರೆ 12 ಬಿಟ್, 26.04 ಕಿಲೋಹರ್ಟ್ಸ್‌ನ ಆ ಯಂತ್ರದಲ್ಲಿ ಸದ್ದನ್ನು ಎಳೆದು ಇಳಿಸಿದಾಗ ಮೇಲಿನ ಭಾಗದಲ್ಲಿ ಒಂದು ಗರಗರ ಸೇರಿಕೊಳ್ಳುತ್ತದೆ. ಜನ ಅದಕ್ಕೇ ಮರುಳಾದರು.

ನಾವೂ ಅದನ್ನೇ ಸಾಫ್ಟ್‌ವೇರ್‌ನಲ್ಲಿ ಮಾಡಿದೆವು. ಕೀಬೋರ್ಡ್‌ನಲ್ಲಿ ನಾಲ್ಕು ಕಾರ್ಡ್ ನುಡಿಸಿ, ಜೊತೆಗೆ ಬೇಸ್ ಗಿಟಾರ್ ಸೇರಿಸಿ, ಒಂದು ಸ್ಟೀರಿಯೋ ಫೈಲ್ ಮಾಡಿಕೊಂಡೆವು. ಅದನ್ನು 1.35 ಪಟ್ಟು ವೇಗಕ್ಕೆ ಏರಿಸಿದೆವು, 33ರಿಂದ 45ಕ್ಕೆ ಇರುವ ಅನುಪಾತ ಅದೇ. 12 ಬಿಟ್, 26 ಕಿಲೋಹರ್ಟ್ಸ್‌ಗೆ ಇಳಿಸಿ, ಮತ್ತೆ ಐದು ಸೆಮಿಟೋನ್‌ಗಿಂತ (ಅರ್ಧ ಸ್ವರ) ತುಸು ಜಾಸ್ತಿ ಕೆಳಗೆ ಎಳೆದೆವು. ಇಳಿಸುವಾಗ ಸಾಫ್ಟ್‌ವೇರ್‌ನ ನುಣುಪು ಮಾಡುವ ಇಂಟರ್‌ಪೊಲೇಷನ್ ಆಯ್ಕೆ ಆಫ್ ಇರಬೇಕು. ಆನ್ ಇದ್ದರೆ ಗರಗರ ಬರುವುದೇ ಇಲ್ಲ, ಇಷ್ಟೆಲ್ಲ ಮಾಡಿದ್ದು ದಂಡ.

ಡ್ರಮ್‌ನ ಸ್ವಿಂಗ್, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತುಸು ತಡವಾಗಿ ಬೀಳಿಸುವುದರ ಬಗ್ಗೆ ಗಂಟೆಗಟ್ಟಲೆ ಜಗಳ ಆಡಿದ್ದೇವೆ. ರೋಜರ್ ಲಿನ್ ರೂಪಿಸಿ 1988ರಲ್ಲಿ ಅಕಾಯ್ ತಂದ ಎಂಪಿಸಿ60ರಲ್ಲಿ ಸ್ವಿಂಗನ್ನು ಶೇಕಡಾವಾರಿನಲ್ಲಿ ಅಳೆಯುತ್ತಿದ್ದರು. ಇವತ್ತಿನ ಸಾಫ್ಟ್‌ವೇರ್‌ನಲ್ಲೂ ಅದೇ ಲೆಕ್ಕ. 90 ಬಿಪಿಎಂನಲ್ಲಿ ಎರಡು ಹದಿನಾರನೇ ನೋಟ್ (ಬಾರ್‌ನ ಹದಿನಾರನೇ ಒಂದು ಭಾಗ) ಸೇರಿ 333 ಮಿಲಿಸೆಕೆಂಡ್. 50 ಶೇಕಡಾ ಅಂದರೆ ಎರಡನೆಯದು ಸರಿಯಾಗಿ ನಡುವೆ, 167ಕ್ಕೆ ಬೀಳುತ್ತದೆ. 54 ಅಂದರೆ 180ಕ್ಕೆ, 58 ಅಂದರೆ 193ಕ್ಕೆ. ಹದಿಮೂರು ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ಆದರೆ 58ರ ಬೀಟ್ ಮೇಲೆ ಇವನು ತಾನಾಗಿಯೇ ಹಿಂದೆ ವಾಲಿಕೊಂಡು ಹೇಳುತ್ತಿದ್ದ, 50ರ ಬೀಟ್ ಮೇಲೆ ಗುದ್ದಿ ಹೇಳುತ್ತಿದ್ದ. ಫ್ಲೋ ಬದಲಾಯಿಸು ಅಂತ ಹೇಳುವ ಬದಲು ಸ್ವಿಂಗ್ ಬದಲಾಯಿಸಿದರೆ ಸಾಕು ಅಂತ ಗೊತ್ತಾಯಿತು. ಇಡೀ ಆಲ್ಬಂನಲ್ಲಿ ಪಕ್ಕಪಕ್ಕದ ಎರಡು ಹಾಡಿಗೆ ಒಂದೇ ಸ್ವಿಂಗ್ ಇಟ್ಟಿಲ್ಲ.

ಹೊರಗಿನವರಿಂದ ಬಂದ ಬೀಟ್‌ಗಳೂ ಕೆಲವು ಇದ್ದವು. ಒಂದು ಬೀಟ್ ಸೆಷನ್‌ಗೆ ಹಾಕಿದ ಕೂಡಲೇ ಚುರುಕಾಗಿ, ತೆಳ್ಳಗೆ ಕೇಳಿತು. ಫೈಲ್ 44.1 ಕಿಲೋಹರ್ಟ್ಸ್, ನಮ್ಮ ಸೆಷನ್ 48. ಸಾಫ್ಟ್‌ವೇರ್ ಪರಿವರ್ತಿಸದೆ ಹಾಗೇ ಓಡಿಸಿದರೆ 90ರ ಬೀಟ್ 98 ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ. ಸರಿಯಾಗಿ ಕನ್ವರ್ಟ್ ಮಾಡಿ ಹಾಕಿದರೆ ಮುಗಿಯಿತು. ಇನ್ನೊಬ್ಬ ಬೀಟ್‌ಮೇಕರ್ ಬರೀ ಎಂಪಿ3 ಕಳಿಸಿ ಸುಮ್ನಾದ. ಸ್ಟೆಮ್ (ಒಂದೊಂದು ವಾದ್ಯದ ಬೇರೆ ಬೇರೆ ಫೈಲ್) ಇಲ್ಲದೆ ದನಿಗೆ ಜಾಗ ಮಾಡಲು ಆಗುವುದಿಲ್ಲ. ಕಿಕ್ ತಗ್ಗಿಸಿದರೆ ಬೇಸೂ ತಗ್ಗುತ್ತದೆ. ಎಷ್ಟು ಕೇಳಿದರೂ ಕೊಡಲಿಲ್ಲ, ಆ ಬೀಟ್ ಬಿಟ್ಟೆವು. ಲಿರಿಕ್ಸ್ ಬೇರೆ ಬೀಟ್‌ಗೆ ಹೋಯಿತು. ಈಗ ಅದೇ ಆಲ್ಬಂನಲ್ಲಿ ನನಗೆ ಇಷ್ಟದ ಹಾಡು.

ದನಿ

ಇಲ್ಲೇ ಹೆಚ್ಚು ಹೊತ್ತು ಹೋಯಿತು, ಹೋಗಬೇಕಾದ್ದೂ ಇಲ್ಲೇ.

ರೆಕಾರ್ಡಿಂಗ್‌ಗೆ ಮುಂಚೆ ಒಂದು ಹಾಳೆಯ ಮೇಲೆ ಹನ್ನೊಂದು ಹಾಡನ್ನೂ ಬರೆದು, ಪ್ರತಿಯೊಂದರ ಮುಂದೆ ಗಂಟಲಿನ ಒಂದು ಸ್ಥಿತಿ ಬರೆದೆವು. ಒಂದು: ಮೈಕ್‌ಗೆ ನಾಲ್ಕು ಬೆರಳು ಹತ್ತಿರ ಕೂತು, ಪಕ್ಕದವನ ಕಿವಿಯಲ್ಲಿ ಹೇಳುವ ಮಾತು. ಎರಡು: ಗೇಣು ದೂರ ನಿಂತು, ಮಾಮೂಲಿ. ಮೂರು: ಒಂದು ಮೊಳ ಹಿಂದೆ ಸರಿದು, ಎದೆಯಿಂದ ಕೂಗುವುದು. ಒಂದೇ ಸ್ಥಿತಿ ಸತತ ಮೂರು ಹಾಡಿಗೆ ಬರಕೂಡದು ಅನ್ನುವ ನಿಯಮ. ಇವನಿಗೆ ಮೊದಲು ಇಷ್ಟವಾಗಲಿಲ್ಲ. ಗ್ರೂಪಿನಲ್ಲಿ ಇವನ ಕೆಲಸ ಕೂಗುವುದೊಂದೇ ಆಗಿತ್ತು, ಬೇರೆ ಏನು ಮಾಡಿದರೂ ನಟನೆ ಅನ್ನಿಸುತ್ತಿತ್ತಂತೆ. ಕೂತು ಹೇಳಿದ ಮೊದಲ ವರ್ಸ್ ಪ್ಲೇ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಾನೇನಾ?” ಅಂದ. ಆ ಮೇಲೆ ವಾದ ಇಲ್ಲ.

ಒಂದೇ ದಿನ ಬೇರೆ ಬೇರೆ ಹಾಡು ರೆಕಾರ್ಡ್ ಮಾಡುವುದಿದ್ದರೆ ಮೆಲುದನಿಯವು ಮೊದಲು, ಕೂಗುವವು ಕೊನೆಗೆ. ಕೂಗಿದ ಗಂಟಲು ಮತ್ತೆ ಮೆತ್ತಗಾಗಲು ಮರುದಿನವೇ ಆಗಬೇಕು.

ಲೆವೆಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಗಟ್ಟಿ ಜಾಗದಲ್ಲಿ ಮೀಟರ್ −10 ಹತ್ತಿರ ಬಂದರೆ ಸಾಕು. ಮೇಲೆ ಜಾಗ ಇರಲಿ. ಹೆಡ್‌ಫೋನ್ ವಿಳಂಬ ಮಾತ್ರ ಗಮನಿಸಬೇಕು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ಕಂತು) ಅಂದರೆ ಒಂದು ಕಡೆಗೇ 21 ಮಿಲಿಸೆಕೆಂಡ್ ತಡ. ತನ್ನ ದನಿ ತಡವಾಗಿ ಕಿವಿಗೆ ಬಿದ್ದರೆ ರ‍್ಯಾಪರ್ ಬೀಟ್‌ಗಿಂತ ಹಿಂದೆ ಬೀಳುತ್ತಾನೆ, ಯಾಕೆ ಅಂತ ಅವನಿಗೂ ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ಹೊತ್ತಿಗೆ 128ಕ್ಕೆ ಇಳಿಸಿ, ಭಾರದ ಪ್ಲಗಿನ್‌ಗಳನ್ನೆಲ್ಲ ಆಫ್ ಮಾಡಿ.

ಪಂಚ್-ಇನ್ ಬೇಕೋ ಬೇಡವೋ ಅನ್ನುವ ಚರ್ಚೆಗೆ ಕೊನೆ ಇಲ್ಲ. ಎರಡೆರಡು ಸಾಲು ರೆಕಾರ್ಡ್ ಮಾಡಿ ಜೋಡಿಸಿದರೆ ಉಸಿರು ಎಂದೂ ಮುಗಿಯದ ಮನುಷ್ಯ ಸಿಗುತ್ತಾನೆ. ಕೆಲವು ಬೀಟ್‌ಗೆ ಅದೇ ಸರಿ. ನನಗೆ ಮಾತ್ರ ಇಡೀ ವರ್ಸ್ ಒಂದೇ ಟೇಕಿನಲ್ಲಿ ಬಂದದ್ದೇ ಮೇಲು ಅನ್ನಿಸುತ್ತದೆ. ಹನ್ನೆರಡನೇ ಬಾರ್‌ನಲ್ಲಿ ಗಾಳಿ ಎಳೆದುಕೊಳ್ಳುವ ಸದ್ದಿದೆಯಲ್ಲ, ಅದರಿಂದಲೇ ಮುಂದಿನ ಸಾಲಿಗೆ ಬಲ. ಉಸಿರಿನ ಸದ್ದನ್ನು ಅಳಿಸಲಿಲ್ಲ, ಆರು ಡೆಸಿಬೆಲ್‌ನಷ್ಟು ತಗ್ಗಿಸಿದೆ ಅಷ್ಟೇ.

ಎಡಿಟಿಂಗ್‌ನಲ್ಲಿ ಒಂದು ವಿಚಿತ್ರ ತೊಂದರೆ ಎದುರಾಯಿತು. ನಡುವಿನ ಖಾಲಿ ಜಾಗವನ್ನು ತಾನಾಗಿಯೇ ಕತ್ತರಿಸುವ ಟೂಲ್ ಇರುತ್ತದೆ, ಸಮಯ ಉಳಿಯಲಿ ಅಂತ ಅದನ್ನು ಓಡಿಸಿದೆ. ಕೇಳಿದರೆ ಕೆಲವು ಪದಗಳ ಪೆಟ್ಟೇ ಇಲ್ಲ. ‘ಹೊತ್ತಿದ ಕಿಚ್ಚು’ ಅನ್ನುವ ಕಡೆ ‘ಹೊತಿದ ಕಿಚು’ ಅಂದ ಹಾಗೆ. ಅಲೆಯನ್ನು ದೊಡ್ಡದು ಮಾಡಿ ನೋಡಿದೆ. ‘ತ್ತ’ ಹೇಳುವಾಗ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುತ್ತದೆ. ಆ ಹೊತ್ತು ಪೂರ್ತಿ ಮೌನ. ಆಮೇಲೆ ಸಿಡಿಯುತ್ತದೆ. ‘ಚ್ಚ’ಗೂ ಹಾಗೇ. ಟೂಲ್‌ಗೆ ಆ ಮೌನ ಖಾಲಿ ಜಾಗವಾಗಿ ಕಂಡಿದೆ. ಅಲ್ಲಿ ಬಾಗಿಲು ಮುಚ್ಚಿ, ಮತ್ತೆ ತೆರೆಯುವಷ್ಟರಲ್ಲಿ ಸಿಡಿತ ಮುಗಿದೇ ಹೋಗಿದೆ. ರ‍್ಯಾಪ್‌ನಲ್ಲಿ ಒತ್ತಕ್ಷರದ ಆ ಸಿಡಿತವೇ ತಾಳ. ಟೂಲ್‌ನ ಹೋಲ್ಡ್ ಸಮಯ ಹೆಚ್ಚಿಸಿದಾಗ ಬಹುತೇಕ ಸರಿಹೋಯಿತು, ಉಳಿದದ್ದನ್ನು ಕೈಯಿಂದಲೇ ಕತ್ತರಿಸಿದೆ. ಜೋರಾದ ಸದ್ದನ್ನು ತಾನಾಗಿಯೇ ತಗ್ಗಿಸುವ ಕಂಪ್ರೆಸರ್‌ಗೂ ಇದೇ ಮಾತು. ಅಟ್ಯಾಕ್ (ಅದು ಹಿಡಿಯಲು ತಗೊಳ್ಳುವ ಹೊತ್ತು) ತೀರಾ ವೇಗವಾಗಿದ್ದರೆ ಸಿಡಿತವನ್ನು ನುಂಗುತ್ತದೆ. 10 ಮಿಲಿಸೆಕೆಂಡ್ ಆಸುಪಾಸು ಇಟ್ಟರೆ ಅದು ತಪ್ಪಿಸಿಕೊಂಡು ಹೊರಗೆ ಬರುತ್ತದೆ.

ಡಬಲ್ ಅಂದರೆ ಅದೇ ಸಾಲನ್ನು ಮತ್ತೊಮ್ಮೆ ಹೇಳಿ ಮೇಲೆ ಸೇರಿಸುವುದು. ವರ್ಸ್ ಪೂರ್ತಿ ಡಬಲ್ ಮಾಡಿದರೆ ಹೇಳುವವನ ಮುಖ ಮಸುಕಾಗುತ್ತದೆ. ಸಾಲಿನ ಕೊನೆಯ ಎರಡು ಮೂರು ಪದಕ್ಕೆ ಮಾತ್ರ ಡಬಲ್ ಇಟ್ಟೆವು, ಪ್ರಾಸ ಬೀಳುವ ಜಾಗಕ್ಕೆ. ಹುಕ್‌ಗೆ ಮಾತ್ರ ಧಾರಾಳ: ನಡುವೆ ಒಂದು, ಎಡಕ್ಕೊಂದು, ಬಲಕ್ಕೊಂದು. ಎರಡು ದನಿ ಸೇರಿದಾಗ ಸ, ಶ, ಚ ಎಲ್ಲ ಒಂದರ ಹಿಂದೆ ಒಂದು ಬಿದ್ದು ‘ಸ್‌ಸ್’ ಅನ್ನುತ್ತದೆ. ಡಬಲ್‌ಗಳಲ್ಲಿ ಪದದ ಕೊನೆಯ ಸಕಾರಗಳನ್ನು ಕತ್ತರಿಸಿಬಿಡಿ. ಮುಖ್ಯ ದನಿಯದ್ದು ಒಂದೇ ಸಾಕು, ಕೊರತೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಆಡ್-ಲಿಬ್. ಗ್ರೂಪಿನಲ್ಲಿ ಒಬ್ಬ ಹೇಳುತ್ತಿದ್ದರೆ ಉಳಿದವರು ಹಿಂದಿನಿಂದ ‘ಹೌದು’, ‘ಏನಂದೆ?’, ‘ಬಿಡು’ ಅಂತ ಕೂಗುತ್ತಿರುತ್ತಾರೆ. ಆ ಜಾಗ ಈಗ ಖಾಲಿ. ಇವನೇ ಇವನಿಗೆ ಉತ್ತರ ಕೊಡಬೇಕು. ಅದಕ್ಕೆ ಆಡ್-ಲಿಬ್‌ಗೆ ಬೇರೆಯದೇ ಒಬ್ಬ ವ್ಯಕ್ತಿ ಅಂತ ಕಲ್ಪಿಸಿಕೊಂಡೆವು: ಇವನ ಮಾತನ್ನು ನಂಬದವನು. ವರ್ಸ್‌ನಲ್ಲಿ ಜಂಬ ಬಂದ ಕಡೆಯೆಲ್ಲ ಹಿಂದಿನಿಂದ ‘ಓಹೋ’ ಅನ್ನುತ್ತಾನೆ, ಒಂದು ಕಡೆ ಸುಮ್ನೆ ನಗುತ್ತಾನೆ. ಆ ದನಿಯನ್ನು 300ರಿಂದ 3,400 ಹರ್ಟ್ಸ್‌ಗೆ ಕತ್ತರಿಸಿದ್ದೇನೆ, ಹಳೇ ಟೆಲಿಫೋನ್ ಲೈನಿನ ಅಗಲ ಅದು. ಮುಖ್ಯ ದನಿಯ ಜೊತೆ ಜಗಳಕ್ಕೆ ನಿಲ್ಲದೆ ಬಲಗಡೆ ಮೂಲೆಯಲ್ಲಿ ಕೂರುತ್ತದೆ. ಆಲ್ಬಂ ಅರ್ಧ ಮುಗಿದಾಗ ನಮಗೆ ಗೊತ್ತಾಯಿತು, ಕೇಳಿದವರೆಲ್ಲ ಮೊದಲು ಮಾತಾಡುತ್ತಿದ್ದದ್ದು ಈ ನಂಬದವನ ಬಗ್ಗೆಯೇ.

ಮಿಕ್ಸ್

ಕಂಪ್ರೆಸರ್‌ಗೆ ಕೈ ಹಾಕುವ ಮೊದಲು ಫೇಡರ್‌ನಿಂದಲೇ ಸಾಲುಸಾಲಾಗಿ ಏರಿಳಿಸಿ ಸಮ ಮಾಡಿದೆ. ಬೇಸರದ ಕೆಲಸ, ಆದರೆ ಆಮೇಲೆ ಕಂಪ್ರೆಸರ್ ಮೂರ್ನಾಲ್ಕು ಡೆಸಿಬೆಲ್ ಹಿಡಿದರೆ ಸಾಕಾಗುತ್ತದೆ. 80 ಹರ್ಟ್ಸ್ ಕೆಳಗೆ ಕತ್ತರಿ, 300ರ ಆಸುಪಾಸು ಸಣ್ಣ ತಗ್ಗು, 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ಸಕಾರದ ಸದ್ದು ತಗ್ಗಿಸುವ ಡಿ-ಎಸ್ಸರ್. ಇಷ್ಟೇ. ಉಳಿದ ಕೆಲಸ ಬೀಟ್ ಕಡೆಗೆ. ದನಿ ಬಂದಾಗ ಮಾತ್ರ ಕಾರ್ಡ್‌ಗಳು 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಎರಡು ಡೆಸಿಬೆಲ್ ತಗ್ಗುವ ಹಾಗೆ ಸೈಡ್‌ಚೈನ್ ಮಾಡಿದೆ. ದನಿ ಜೋರಾಗದೆಯೇ ಮುಂದೆ ಬರುತ್ತದೆ.

808 ಬೇಸ್ ಎಲ್ಲರನ್ನೂ ಕಾಡುತ್ತದೆ. ರೋಲೆಂಡ್ ಟಿಆರ್-808 ಡ್ರಮ್ ಯಂತ್ರ ಬಂದದ್ದು 1980ರಲ್ಲಿ. ಅದರ ಕಿಕ್ಕನ್ನು ಉದ್ದ ಎಳೆದರೆ ಅದೇ ಬೇಸ್ ಆಗುತ್ತದೆ. ಅಂದ ಮೇಲೆ ಅದಕ್ಕೆ ಶ್ರುತಿಯೂ ಬೇಕು. ಹಾಡು ಜಿ ಶ್ರುತಿಯಲ್ಲಿದ್ದರೆ 49 ಹರ್ಟ್ಸ್, ಎ ಇದ್ದರೆ 55. ಒಂದು ಹಾಡಿನಲ್ಲಿ ಸ್ಪೀಕರ್‌ನಲ್ಲಿ ನೆಲ ನಡುಗಿಸುತ್ತಿದ್ದ ಬೇಸ್, ಫೋನ್‌ನಲ್ಲಿ ಮಾಯ. ಫೋನ್ ಸ್ಪೀಕರ್ 49 ಹರ್ಟ್ಸ್ ನುಡಿಸುವುದೇ ಇಲ್ಲ. ಸ್ಯಾಚುರೇಷನ್ (ಸದ್ದನ್ನು ತುಸು ಒರಟು ಮಾಡುವುದು) ಹಾಕಿ 98, 147, 196 ಹೀಗೆ ಮೇಲಿನ ಹಾರ್ಮೋನಿಕ್‌ಗಳನ್ನು ಎಬ್ಬಿಸಿದಾಗ ಫೋನ್‌ನಲ್ಲೂ ಬೇಸ್ ಕೇಳಿತು. ಬುಡದ ಸ್ವರ ಇಲ್ಲದಿದ್ದರೂ ಕಿವಿ ಅದನ್ನು ತುಂಬಿಕೊಳ್ಳುತ್ತದೆ.

ಹುಕ್ ಅಗಲವಾಗಲಿ ಅಂತ ಒಂದೇ ಟೇಕನ್ನು ನಕಲು ಮಾಡಿ 10 ಮಿಲಿಸೆಕೆಂಡ್ ತಡ ಮಾಡಿ ಇನ್ನೊಂದು ಕಡೆಗೆ ಹಾಕುವ ಉಪಾಯ ಇದೆ. ಹೆಡ್‌ಫೋನ್‌ನಲ್ಲಿ ಸೊಗಸು. ಎಡ ಬಲ ಸೇರಿಸಿ ಮೋನೋ ಮಾಡಿದ ತಕ್ಷಣ 50, 150, 250 ಹರ್ಟ್ಸ್ ಹೀಗೆ ಬಾಚಣಿಗೆ ಹಲ್ಲಿನಂತೆ ಸದ್ದು ಕತ್ತರಿಸಿಹೋಗಿ ದನಿ ಟೊಳ್ಳಾಗುತ್ತದೆ. ಒಂದೇ ಸ್ಪೀಕರ್ ಇರುವ ಫೋನ್, ಸಣ್ಣ ಬ್ಲೂಟೂತ್ ಡಬ್ಬಿ ಎಲ್ಲ ಮೋನೋನೇ. ಮತ್ತೆ ನಿಲ್ಲಿಸಿ ನಿಜವಾದ ಡಬಲ್ ಹೇಳಿಸುವುದೇ ಮೇಲು. ಎರಡು ಟೇಕ್ ಎಂದೂ ಹೂಬೇಹೂಬು ಒಂದೇ ಆಗುವುದಿಲ್ಲ, ಆದ್ದರಿಂದಲೇ ಮೋನೋದಲ್ಲೂ ಉಳಿಯುತ್ತವೆ.

ಕ್ರಮ, ಮಾಸ್ಟರ್

ಹಾಡುಗಳ ಕ್ರಮ ಹಾಕುವಾಗ ಆ ಹಳೇ ಹಾಳೆ ಮತ್ತೆ ಬೇಕಾಯಿತು. ಗಂಟಲಿನ ಸ್ಥಿತಿ, ಬಿಪಿಎಂ, ಸ್ವಿಂಗ್, ಮೂರನ್ನೂ ನೋಡಿ ಜೋಡಿಸಿದೆವು. ಕೆಎಂಡಿ ಗ್ರೂಪ್ ಮುಗಿದ ಮೇಲೆ 1999ರಲ್ಲಿ ಎಂಎಫ್ ಡೂಮ್ ತಂದ ಮೊದಲ ಸೋಲೋ ಆಲ್ಬಂನಲ್ಲಿ ಹಾಡುಗಳ ನಡುವೆ ಕಾರ್ಟೂನ್ ಸಂಭಾಷಣೆಯ ತುಣುಕುಗಳಿವೆ. ಕೇಳುವ ಕಿವಿಗೆ ಬೇರೆ ದನಿ ಸಿಗುವ ಜಾಗ ಅದು. ನಾವು ಅಂಥ ಎರಡು ಕಡೆ ಬರೀ ವಾದ್ಯದ ಅರ್ಧ ನಿಮಿಷ ಬಿಟ್ಟೆವು. ಹಳೇ ಗ್ರೂಪಿನವರಲ್ಲಿ ಒಬ್ಬ ಏಳನೇ ಹಾಡಿಗೆ ಬಂದು ಒಂದು ವರ್ಸ್ ಹೇಳಿ ಹೋದ. ಅದಕ್ಕಿಂತ ಮುಂಚೆ ತಂದಿದ್ದರೆ ಇವನ ಆಲ್ಬಂ ಅನ್ನಿಸುತ್ತಿರಲಿಲ್ಲ, ಅದಕ್ಕಿಂತ ತಡ ಮಾಡಿದ್ದರೆ ಕಿವಿ ದಣಿದಿರುತ್ತಿತ್ತು.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಬೇರೆಯವರಿಗೆ ಕೊಟ್ಟೆವು. ಅಷ್ಟು ದಿನ ಕೇಳಿದ ಕಿವಿಗೆ ಏನೂ ತಿಳಿಯುವುದಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ −14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಒಟ್ಟು ಜೋರು ಅಳೆಯುವ ಮಾನ), ಆ್ಯಪಲ್ ಮ್ಯೂಸಿಕ್ −16ಕ್ಕೆ ತಂದು ನುಡಿಸುತ್ತದೆ. ಹಾಗಂತ −14ಕ್ಕೇ ಮಾಸ್ಟರ್ ಮಾಡಬೇಕು ಅಂತೇನಿಲ್ಲ, ಡ್ರಮ್‌ನ ಪೆಟ್ಟು ಉಳಿದರೆ ಸಾಕು. ಟ್ರೂ ಪೀಕ್, ಅಂದರೆ ಸದ್ದಿನ ತುತ್ತತುದಿ, −1 ಡೆಸಿಬೆಲ್. ಆಲ್ಬಂ ಆಗಿ ಕೇಳುವಾಗ ಸ್ಪಾಟಿಫೈ ಎಲ್ಲ ಹಾಡನ್ನೂ ಒಟ್ಟಾಗಿ ಅಳೆಯುತ್ತದೆ. ಹಾಗಾಗಿ ಪಿಸುಮಾತಿನ ಹಾಡು ಕೂಗುವ ಹಾಡಿಗಿಂತ ಮೆಲ್ಲಗೇ ಇರಲಿ ಅಂತ ಹೇಳಿ ಕಳಿಸಿದೆವು.

ಪ್ರತಿ ಹಾಡಿಗೂ ಗುರುತಿಗೆ 12 ಅಕ್ಷರದ ಐಎಸ್‌ಆರ್‌ಸಿ ಕೋಡ್, ಆಲ್ಬಂಗೆ ಅಂಥದೇ ಒಂದು ಯುಪಿಸಿ ಕೋಡ್. ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಬೀಟ್ ತಗೊಂಡ ದಿನವೇ ಬರೆದು ಸಹಿ ಹಾಕಿಸಿಕೊಂಡಿದ್ದೆವು. ಅಪ್‌ಲೋಡ್ ಹೊತ್ತಿಗೆ ಕೇಳಲು ಹೋದರೆ ಸ್ನೇಹ ಕೆಡುತ್ತದೆ.

ಕೊನೆಯ ಕೆಲಸ ವೇದಿಕೆಗೆ ಟ್ರ್ಯಾಕ್ ತಯಾರಿಸುವುದು. ಮುಖ್ಯ ದನಿ ತೆಗೆದು ಹುಕ್‌ನ ಡಬಲ್, ಆಡ್-ಲಿಬ್ ಮಾತ್ರ ಉಳಿಸಿ ಇನ್ನೊಂದು ಫೈಲ್ ಬೌನ್ಸ್ ಮಾಡಿಕೊಳ್ಳಬೇಕು. ಉಸಿರು ಎಲ್ಲಿ ಸಿಗುತ್ತದೆ ಅಂತ ನೋಡಲು ಇವನು ಕೋಣೆಯಲ್ಲಿ ಓಡಾಡುತ್ತಾ ಹನ್ನೊಂದು ಹಾಡನ್ನೂ ನಿಲ್ಲಿಸದೆ ಹೇಳಿದ. ನಾಲ್ಕನೇ ಹಾಡಿನ ಮೂರನೇ ವರ್ಸ್‌ನಲ್ಲಿ ಗಾಳಿ ಸಾಲಲಿಲ್ಲ. ಅಲ್ಲಿ ಎರಡು ಸಾಲಿನ ಡಬಲ್ ಸ್ವಲ್ಪ ಜೋರು ಮಾಡಿ ಟ್ರ್ಯಾಕ್‌ನಲ್ಲೇ ಬಿಟ್ಟೆ. ಐದನೆಯದಕ್ಕೂ ಆರನೆಯದಕ್ಕೂ ನಡುವೆ ಎಂಟು ಬಾರ್ ಬರೀ ಡ್ರಮ್ ಸೇರಿಸಿದೆ, ನೀರು ಕುಡಿಯಲು.